ಬಸ್ಸಿನಲ್ಲಿ ಬಿದ್ದ ಅವ್ವನ ಜಡೆ

ಎಲ್ಲಮ್ಮನನ್ನು ನೆಚ್ಚಿ ಬಾಳುವ ಅಕ್ಕತಂಗಿಯರಿಗೆ, ಅಣ್ಣತಮ್ಮಂದಿರಿಗೆ ರಾಮದುರ್ಗದ ನೀಲವ್ವನ ಶರಣು. ಈ ನಾಲ್ಕು ಮಾತು ಬರೆಯಲು ನನಗೆ ಆರು ವರ್ಷ ಹಿಡಿಯಿತು. ಅಕ್ಷರ ಬಾರದೆ ಅಲ್ಲ. ಏಳನೆಯ ಇಯತ್ತೆ ಮುಗಿಸಿದವಳು ನಾನು. ಓಣಿಯಲ್ಲಿ ಯಾರ ಮನೆಗೆ ಕಾಗದ ಬಂದರೂ ಓದಿಸಲು ನನ್ನ ಬಾಗಿಲಿಗೇ ಬರುತ್ತಾರೆ. ನನ್ನನ್ನು ತಡೆದದ್ದು ನಾಚಿಕೆ. ಅವ್ವ ಎಲ್ಲಮ್ಮ ನನಗೆ ಮಾಡಿದ್ದನ್ನು ಹೇಳಬೇಕಾದರೆ ನಾನು ಅವ್ವನಿಗೆ ಮಾಡಿದ್ದನ್ನೂ ಹೇಳಬೇಕಲ್ಲ.

೨೦೦೧ನೆಯ ಇಸವಿ, ಬೇಸಿಗೆಯ ಕೊನೆ. ಸ್ನಾನ ಮಾಡುವಾಗ ಎಡಗಡೆಯ ಎದೆಯಲ್ಲಿ ಕಡಲೆಕಾಳಿನಷ್ಟು ಗಂಟು ಕೈಗೆ ಹತ್ತಿತು. ನೋವಿರಲಿಲ್ಲ, ಹಾಗಾಗಿ ಬಿಟ್ಟುಬಿಟ್ಟೆ. ತಿಂಗಳೊಪ್ಪತ್ತಿನಲ್ಲಿ ಅದು ಅಡಿಕೆಯಷ್ಟಾಯಿತು. ನಮ್ಮ ಮನೆಯವರು ಕಿರಾಣಿ ಅಂಗಡಿಗೆ ಬೀಗ ಹಾಕಿ ನನ್ನನ್ನು ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದರು. ಪರೀಕ್ಷೆ ಆಯಿತು, ಕ್ಯಾನ್ಸರ್ ಎಂದರು, ಆಪರೇಶನ್ನೂ ಆಯಿತು. ಇದೆಲ್ಲ ಎಷ್ಟು ಬೇಗ ನಡೆಯಿತೆಂದರೆ ಹೆದರಿಕೊಳ್ಳಲು ನನಗೆ ಪುರುಸೊತ್ತೇ ಸಿಗಲಿಲ್ಲ. ಹೆದರಿಕೆ ಶುರುವಾದದ್ದು ಹೊಲಿಗೆ ಬಿಚ್ಚಿದ ದಿನ.

ಅವತ್ತು ಡಾಕ್ಟರಮ್ಮ ನನ್ನನ್ನೂ ಅತ್ತೆಯನ್ನೂ ಎದುರಿಗೆ ಕೂಡಿಸಿಕೊಂಡು ಹೇಳಿದರು: "ಇನ್ನ ಆರು ಸಲ ಔಷಧ ಏರಿಸಬೇಕ್ರಿ. ಇಪ್ಪತ್ತೊಂದು ದಿನಕ್ಕೊಮ್ಮೆ. ಒಂದೂ ತಪ್ಪಿಸಬಾರದು. ವಾಂತಿ ಆಗ್ತೈತಿ, ಬಾಯಿ ಹುಣ್ಣಾಗ್ತೈತಿ, ತಲಿಗೂದಲಾ ಉದುರ್ತಾವ. ಅಂಜಬ್ಯಾಡ್ರಿ, ತಿರುಗಿ ಬರ್ತಾವ."

"ಎಲ್ಲಾ ಉದುರ್ತಾವೇನ್ರಿ?" ಎಂದೆ.

"ಎಲ್ಲಾ."

ನಾನು ಸೆರಗು ಸರಿಸಿ ಅವರಿಗೆ ಬೆನ್ನು ತಿರುಗಿಸಿ ಕೂತೆ. "ಇದೂ?"

ಡಾಕ್ಟರಮ್ಮ ಮೇಜು ಸುತ್ತಿಕೊಂಡು ಬಂದು ನೋಡಿದರು. ಮುಟ್ಟಲಿಲ್ಲ. ಮೆಲ್ಲಗೆ, "ಇದೂ ಕೂದಲಾ ಅಲ್ರೀ ನೀಲವ್ವ?" ಎಂದರು.

ನನ್ನ ಹಿಂದಲೆಯಲ್ಲಿ ಆಗ ಅವ್ವನ ಜಡೆ ಇತ್ತು. ಹೆಣೆದ ಜಡೆಯಲ್ಲ. ಕೂದಲು ತಾನೇ ಗಂಟುಗಟ್ಟಿ, ಬಿಗಿದು, ಹುರಿ ಹಗ್ಗದಂತೆ ಸೊಂಟದವರೆಗೆ ಇಳಿದ ಜಡೆ. ನಮ್ಮ ಕಡೆ ಯಾರಿಗಾದರೂ ಅಂಥದ್ದು ಬಂದರೆ ಎಲ್ಲಮ್ಮ ಬಂದು ಕೂತಿದ್ದಾಳೆ ಎನ್ನುತ್ತಾರೆ. ಅದಕ್ಕೆ ಕತ್ತರಿ ತಾಗಿಸುವಂತಿಲ್ಲ, ಬಾಚಣಿಗೆ ತಾಗಿಸುವಂತಿಲ್ಲ. ನನಗೆ ಬಂದದ್ದು ಅದಕ್ಕೂ ಒಂಬತ್ತು ವರ್ಷ ಮೊದಲು. ವಿಷಮಜ್ವರದಲ್ಲಿ ಒಂದೂವರೆ ತಿಂಗಳು ಹಾಸಿಗೆ ಹಿಡಿದಿದ್ದೆ, ಏಳುವ ಹೊತ್ತಿಗೆ ಹಿಂದಲೆ ಗಂಟು ಗಂಟಾಗಿತ್ತು. ನಾನು ಕತ್ತರಿ ಕೇಳಿದೆ. ಅತ್ತೆ ಕತ್ತರಿ ಕಸಿದು ಅಟ್ಟದ ಮೇಲೆ ಎಸೆದು ನನ್ನ ಕಾಲಿಗೆ ಬಿದ್ದರು. ಅಲ್ಲಿಯತನಕ ನನ್ನ ತವರಿನವರು ಬೈಲಹೊಂಗಲದಿಂದ ಬಂದರೆ ಒಂದು ಲೋಟ ಚಹ ಕೊಡಲೂ ಮುಖ ಮುರಿಯುತ್ತಿದ್ದ ಅತ್ತೆ!

ಆಮೇಲೆ ಪ್ರತಿ ಮಂಗಳವಾರ ಓಣಿಯ ಹೆಂಗಸರು ಆರತಿ ತಟ್ಟೆ ಹಿಡಿದು ಬರತೊಡಗಿದರು. ನನ್ನನ್ನು ಮಣೆಯ ಮೇಲೆ ಕೂಡಿಸಿ ಜಡೆಗೆ ಭಂಡಾರದ ಅರಿಸಿನ ಹಚ್ಚಿ ನಮಸ್ಕಾರ ಮಾಡುವರು. ಅತ್ತೆ ವಾರಕ್ಕೊಮ್ಮೆ ತಾವೇ ಅದಕ್ಕೆ ಎಣ್ಣೆ ಹಚ್ಚಿ, ಶೀಗೆಕಾಯಿ ಹಾಕಿ ತೊಳೆದು, ಬಿಸಿಲಿಗೆ ಹಿಡಿದು ಒಣಗಿಸುವರು. ನಿಜ ಹೇಳುತ್ತೇನೆ, ನನಗದು ಹಿಡಿಸಿತ್ತು. ಭಕ್ತಿ ಎಷ್ಟಿತ್ತೋ ಅಷ್ಟೇ ಜಂಬವೂ ಇತ್ತು. ಕತ್ತು ನೋಯುತ್ತಿದ್ದರೂ ತುಟಿಪಿಟಕ್ ಎನ್ನುತ್ತಿರಲಿಲ್ಲ.

ಈಗ ಡಾಕ್ಟರಮ್ಮ ಅದೂ ಹೋಗುತ್ತದೆ ಎನ್ನುತ್ತಿದ್ದರು. ಹೊರಗೆ ಬಂದಾಗ ನಾನು ಜಡೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ. ಅತ್ತೆ ಮಾತ್ರ ನಕ್ಕುಬಿಟ್ಟರು. "ಅಕಿ ಕಲತಾಕಿ ಖರೆ, ಆದ್ರ ಅಕಿಗೇನ ಗೊತ್ತು? ಇವೆಲ್ಲಾ ಉದುರ್ತಾವಂದ್ರ ಉದುರ್ಲಿ. ಅವ್ವನ ಜಡಿ ಬೀಳಂಗಿಲ್ಲ." ಆ ಮಾತು ನನಗೆ ಎಷ್ಟು ಧೈರ್ಯ ಕೊಟ್ಟಿತೆಂದರೆ ಮಾರನೆಯ ವಾರ ನಗುನಗುತ್ತ ಹೋಗಿ ಮೊದಲನೆಯ ಸಲದ ಔಷಧ ಏರಿಸಿಕೊಂಡು ಬಂದೆ. ನಮ್ಮ ತಪ್ಪಿನ ಬೇರು ಅಲ್ಲಿತ್ತು. ಅವ್ವನಿಗೆ ನಾವೇ ಒಂದು ಪರೀಕ್ಷೆ ಇಟ್ಟಿದ್ದೆವು, ಅದರಲ್ಲಿ ಆಕೆ ಪಾಸಾಗಲೇಬೇಕು ಎಂದು ಕೂತಿದ್ದೆವು.

ಹದಿನೈದು ದಿನ ಏನೂ ಆಗಲಿಲ್ಲ. ಹದಿನಾರನೆಯ ದಿನ ರೊಟ್ಟಿ ಬಡಿಯುತ್ತಿದ್ದೆ. ಹಿಟ್ಟಿನ ಮೇಲೆ ಒಂದು ಕೂದಲು ಬಿತ್ತು. ತೆಗೆದೆ. ಇನ್ನೆರಡು ಬಿದ್ದವು. ಹಣೆಯ ಮೇಲೆ ಬಂದದ್ದನ್ನು ಮೊಣಕೈಯಿಂದ ಹಿಂದೆ ತಳ್ಳಿದೆ, ಒಂದು ಹಿಡಿ ಕೂದಲು ತವೆಯ ಮೇಲೆ ಬಿದ್ದು ಚುರ್ ಎಂದು ಸುಟ್ಟಿತು. ಆ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ. ನಾನು ಕಿರುಚಿದ ಸದ್ದಿಗೆ ನಮ್ಮ ಮನೆಯವರು ಅಂಗಡಿಯಿಂದ ಓಡಿ ಬಂದರು. ನಾಲ್ಕೇ ದಿನದಲ್ಲಿ ದಿಂಬು, ಹಾಸಿಗೆ, ಬಚ್ಚಲು, ನೀರು ಕುಡಿಯುವ ತಂಬಿಗೆ, ಎಲ್ಲಿ ನೋಡಿದರೂ ನನ್ನ ಕೂದಲು. ಹೊರಗಿನಿಂದ ಬಂದವರಿಗೆ ಹೇಗೆ ಕಂಡೆನೋ ಏನೋ, ಕನ್ನಡಿಯಲ್ಲಿ ನನಗೇ ನನ್ನ ಗುರುತು ಸಿಗಲಿಲ್ಲ. ಹುಬ್ಬು ಕೂಡ ತೆಳ್ಳಗಾಗಿತ್ತು.

ಆದರೆ ಜಡೆ ಉಳಿದಿತ್ತು! ಸುತ್ತಲಿನದೆಲ್ಲ ಹೋಗಿ, ಬುಡದಲ್ಲಿ ಹತ್ತಿಪ್ಪತ್ತು ಕೂದಲಿನ ಮೇಲೆ ತೂಗುತ್ತಿತ್ತು. ಅತ್ತೆಯ ಕಣ್ಣಲ್ಲಿ ನೀರು. "ನೋಡಿದೇನು? ನಾ ಹೇಳಿದ್ದಿಲ್ಲಾ?" ಎಂದು ಓಣಿಯವರನ್ನೆಲ್ಲ ಕರೆದು ತೋರಿಸಿದರು. ಆ ಮಂಗಳವಾರ ನಮ್ಮ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅತ್ತೆ ಹಸಿರು ಖಣದ ಒಂದು ಪಟ್ಟಿ ಹರಿದು ಜಡೆಯ ಬುಡಕ್ಕೆ ಸುತ್ತಿ, ನೆತ್ತಿಯ ಮೇಲಿಂದ ತಂದು ಕಿವಿಯ ಹಿಂದೆ ಗಂಟು ಹಾಕಿದರು. ಬೀಳದಿರಲಿ ಎಂದು ಅಲ್ಲವಂತೆ, ಅವ್ವನಿಗೆ ಶೃಂಗಾರವಂತೆ. ನಾನೂ ಹಾಗೆಯೇ ಅಂದುಕೊಂಡೆ.

ಎರಡನೆಯ ಸಲದ ಔಷಧಕ್ಕೆ ಹೋದದ್ದು ಶ್ರಾವಣ ಹುಣ್ಣಿಮೆಯ ಹಿಂದಿನ ದಿನ. ನಾನು ಮತ್ತು ಅತ್ತೆ ಇಬ್ಬರೇ. ಔಷಧ ಏರಿಸಿಕೊಂಡು ಮಧ್ಯಾಹ್ನ ಹುಬ್ಬಳ್ಳಿ–ರಾಮದುರ್ಗ ಬಸ್ಸು ಹತ್ತಿದೆವು. ಧಾರವಾಡದಲ್ಲಿ ಬಸ್ಸು ತುಂಬಿತು. ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೊರಟವರೇ ಹೆಚ್ಚು, ಭಂಡಾರ ಬಳಿದ ಹಣೆಗಳು, ಬುತ್ತಿ ಗಂಟುಗಳು. ಕಿಟಕಿಯ ಹೊರಗೆ ತಲೆ ಹಾಕಿ ಎರಡು ಸಲ ವಾಂತಿ ಮಾಡಿಕೊಂಡೆ. ಆಮೇಲೆ ಸೀಟಿಗೆ ತಲೆ ಒರಗಿಸಿದವಳಿಗೆ ಎಲ್ಲಿ ನಿದ್ದೆ ಹತ್ತಿತೋ ತಿಳಿಯದು.

ಎಚ್ಚರವಾದದ್ದು ಹಿಂದಿನ ಸೀಟಿನ ಮುದುಕನ ಕೂಗಿಗೆ. "ಹಾವು! ಹಾವು ಐತ್ರೋ! ಕಾಲಾಗ ಹಾವು!"

ಬಸ್ಸು ಗಕ್ಕನೆ ನಿಂತಿತು. ಹೆಂಗಸರು ಕೂಸುಗಳನ್ನು ಎತ್ತಿಕೊಂಡು ಕಿರುಚಿದರು, ಗಂಡಸರು ಸೀಟಿನ ಮೇಲೆ ಹತ್ತಿ ನಿಂತರು. ಒಬ್ಬರ ಮೇಲೊಬ್ಬರು ಬಿದ್ದು ಎಲ್ಲರೂ ಕೆಳಗಿಳಿದರು. ಅತ್ತೆ ನನ್ನ ರಟ್ಟೆ ಹಿಡಿದು ಎಳೆದುಕೊಂಡು ಇಳಿದರು. ಸವದತ್ತಿ ಇನ್ನೂ ಹತ್ತು ಹನ್ನೆರಡು ಕಿಲೋಮೀಟರ್ ಇತ್ತು. ಎರಡೂ ಕಡೆ ಹೆಸರುಕಾಳಿನ ಹೊಲ, ಹಸಿ ಕರಿಮಣ್ಣು. ನೆಲದ ಮೇಲೆ ಕಾಲಿಟ್ಟೆ, ಗಾಳಿ ಬೀಸಿತು, ಕುತ್ತಿಗೆಯ ಹಿಂದೆ ತಣ್ಣಗಾಯಿತು. ಒಂಬತ್ತು ವರ್ಷದಲ್ಲಿ ಅಲ್ಲಿ ಗಾಳಿ ತಾಗಿರಲಿಲ್ಲ. ಸೆರಗಿನೊಳಗೆ ಕೈ ಹಾಕಿ ನೆತ್ತಿ ಮುಟ್ಟಿದೆ. ಚರ್ಮ. ಬರೀ ಚರ್ಮ. ಖಣದ ಪಟ್ಟಿಯೂ ಇರಲಿಲ್ಲ.

ಡ್ರೈವರ್ ಒಬ್ಬರೇ ಕೋಲು ಹಿಡಿದು ಒಳಗೆ ಹೋಗಿದ್ದರು. ಇಮಾಮಸಾಬರು ಎಂದು ಅವರ ಹೆಸರು. ಗಡ್ಡ ಅರ್ಧ ಹಣ್ಣಾದ, ಆ ದಾರಿಯವರಿಗೆಲ್ಲ ಗುರುತಿನ ಮನುಷ್ಯ. ಕಿಟಕಿಯಿಂದ ಅವರ ದನಿ ಕೇಳಿತು: "ಅಂಜಬ್ಯಾಡ್ರಿ, ಹಾವಲ್ಲ. ಅವ್ವನ ಜಡಿ ಐತ್ರಿ ಇದು."

ಹಾವಾಗಿದ್ದರೆ ಜನ ಇಷ್ಟು ಹೆದರುತ್ತಿರಲಿಲ್ಲವೇನೋ. ಗುಡ್ಡಕ್ಕೆ ಹೊರಟ ಹೆಂಗಸರು ಅಲ್ಲೇ ರಸ್ತೆಯ ಮೇಲೆ ಕೂತು ಕೈಮುಗಿದರು. "ಜೀವಂತ ತಲಿಮ್ಯಾಗಿಂದ ಕಳಚಿ ಬಿದ್ದೈತೆಂದ್ರ ಅಕಿ ಏನ್ ಪಾಪ ಮಾಡಿರಬೇಕು!" ಎಂದಳು ಒಬ್ಬಳು. ಇನ್ನೊಬ್ಬಳು, "ಇನ್ನ ಅಕಿ ಉಳಿಯೂದಿಲ್ಲ ಬಿಡವಾ. ಅಕಿ ಮನಿಯೂ ಉಳಿಯೂದಿಲ್ಲ" ಎಂದಳು. ನಾನು ಅವರ ನಡುವೆಯೇ ನಿಂತಿದ್ದೆ.

ಇಮಾಮಸಾಬರು ಬಾಗಿಲಲ್ಲಿ ನಿಂತು ಕೇಳಿದರು. "ಯಾರದ್ರಿ ಇದು? ತಗೊಳ್ರಿ." ಜನ ಹಿಂದಕ್ಕೆ ಸರಿದರು. "ಯಾವ ತಾಯಂದು ಐತಿ, ಅಂಜಬ್ಯಾಡ್ರಿ, ಬರ್ರಿ." ನಾನು ಅತ್ತೆಯ ಮುಖ ನೋಡಿದೆ. ಅವರಿಗೆ ತಿಳಿದಿತ್ತು. ಒಂಬತ್ತು ವರ್ಷ ತಮ್ಮ ಕೈಯಾರೆ ತೊಳೆದು ಒಣಗಿಸಿದ್ದು ಅವರಿಗೆ ಗೊತ್ತಾಗದಿರುತ್ತದೆಯೇ? ಆದರೂ ಅತ್ತೆ ಹೊಲದ ಕಡೆ ಮುಖ ತಿರುಗಿಸಿದರು, ನನ್ನ ರಟ್ಟೆಯ ಮೇಲಿನ ಹಿಡಿತ ಬಿಗಿಯಾಯಿತು. ಡ್ರೈವರ್ ಮೂರನೆಯ ಸಲ ಕೇಳಿದರು. ನಾನು ಸೆರಗನ್ನು ಹಲ್ಲಿನಿಂದ ಕಚ್ಚಿ ಹಿಡಿದು ಸುಮ್ಮನೆ ನಿಂತೆ. ನನ್ನದಲ್ಲ ಎಂದು ಬಾಯಿಬಿಟ್ಟು ಹೇಳಲಿಲ್ಲ ಅಷ್ಟೇ, ಹೇಳಿದಂತೆಯೇ ಆಯಿತು.

"ರಸ್ತಾದಾಗ ಒಗದ ಬಿಡ್ರಿ ಸಾಹೇಬ್ರ, ಗಾಡಿಯಾಗ ಬ್ಯಾಡ" ಎಂದ ಕಂಡಕ್ಟರ್.

"ಒಗಿಯಾಕ ಅದೇನು ಕಸಾ ಏನೋ?" ಎಂದರು ಇಮಾಮಸಾಬರು. ಹೆಗಲ ಮೇಲಿದ್ದ ಟವೆಲ್ ಕೊಡವಿ, ಅದರಲ್ಲಿ ಜಡೆಯನ್ನು ಸುತ್ತಿದರು. "ನಾಳಿ ಹುಣ್ಣಿವಿ. ನನಗ ಗುಡ್ಡದ ಗಾಡಿ ಹಾಕ್ಯಾರ. ಅವ್ವಂದು ಅವ್ವಗ ಮುಟ್ಟಸ್ತೇನಿ. ಹತ್ರಿ, ಹೊತ್ತಾತು."

ಮನೆಯಲ್ಲಿ ಅತ್ತೆಯೇ ಮಗನಿಗೆ ಸುಳ್ಳು ಹೇಳಿದರು, ಜಡೆ ಆಸ್ಪತ್ರೆಯಲ್ಲೇ ಕಳಚಿತು, ಬರುವಾಗ ಹೊಳೆಗೆ ಬಿಟ್ಟು ಬಂದೆವು ಎಂದು. ನಮ್ಮ ಮನೆಯವರು ಪಾಪದ ಮನುಷ್ಯ, "ಹೋದ್ರ ಹೋಗ್ಲಿ ಬಿಡು, ನೀ ಒಬ್ಬಾಕಿ ಇದ್ರ ಸಾಕು" ಎಂದರು. ಆ ಮಾತಿಗೆ ನನಗೆ ಬಿಕ್ಕಿ ಬಿಕ್ಕಿ ಅಳು ಬಂತು. ಅವರು ಕೂದಲಿಗೆ ಅಳುತ್ತಿದ್ದೇನೆ ಎಂದುಕೊಂಡರು.

ಮುಂದಿನ ಮಂಗಳವಾರ ಹೆಂಗಸರು ಬರುವ ಹೊತ್ತಾಯಿತು. ಏನು ಹೇಳೋಣ ಎಂದೆ ಅತ್ತೆಗೆ. ಅವರು ತಮ್ಮ ಪೆಟ್ಟಿಗೆಯಿಂದ ಒಂದು ಹಳೆಯ ಚೌರಿ ತೆಗೆದರು. ಹಬ್ಬ ಹುಣ್ಣಿಮೆಗೆ ಹೆಂಗಸರು ತಲೆಗೆ ಸೇರಿಸಿ ಹೆಣೆದುಕೊಳ್ಳುವ ಸುಳ್ಳು ಕೂದಲು, ಅವರ ಮದುವೆಯ ಕಾಲದ್ದು. ಅದಕ್ಕೆ ಹರಳೆಣ್ಣೆ ಮೆತ್ತಿ, ಬೂದಿ ಉಜ್ಜಿ, ಹಗ್ಗದಂತೆ ಹೊಸೆದು, ಮೇಲೆ ಭಂಡಾರ ಹಚ್ಚಿ, ಅದೇ ಹಸಿರು ಖಣದ ಇನ್ನೊಂದು ಪಟ್ಟಿಯಿಂದ ನನ್ನ ಬೋಳುತಲೆಗೆ ಕಟ್ಟಿ ಸೆರಗು ಹೊದಿಸಿದರು. ನಾನು ಬಾಯಿ ತೆರೆದು ಅವರನ್ನೇ ನೋಡುತ್ತಿದ್ದೆ.

"ಅತ್ತಿ, ಇದೇನ್ರಿ ಇದು?"

"ಸುಮ್ನ ಕುಂದರು. ಮಂದಿ ಬಾಯಾಗ ಬಿದ್ರ ಎದ್ದು ಬರಾಕ ಆಗೂದಿಲ್ಲ."

ಹೆಂಗಸರು ಬಂದರು, ಆರತಿ ಮಾಡಿದರು, ಚೌರಿಯ ತುದಿ ಕಣ್ಣಿಗೆ ಒತ್ತಿಕೊಂಡರು. ಪಕ್ಕದ ಮನೆಯ ಕಸ್ತೂರವ್ವ ಬಸುರಿ ಮಗಳನ್ನು ಕರೆತಂದಿದ್ದಳು. ಸೆರಗಿನಡಿ ಇಳಿಬಿದ್ದ ಆ ತುದಿಯನ್ನು ಎತ್ತಿ ಮಗಳ ಹೊಟ್ಟೆಗೆ ತಾಗಿಸಿ, "ಅವ್ವಾ, ಹೆರಿಗಿ ಸುಸೂತ್ರ ಮಾಡು" ಎಂದಳು. ಎದ್ದು ಓಡಿಹೋಗಬೇಕು ಅನಿಸಿತು, ಆದರೆ ಓಡಿದರೆ ಅದು ಬಿದ್ದುಹೋಗುತ್ತದಲ್ಲ! ಹೀಗೆ ಒಂದಲ್ಲ, ನಾಲ್ಕು ಮಂಗಳವಾರ ನಡೆಯಿತು. ನಮ್ಮ ಮನೆಯವರು ಆ ಹೊತ್ತಿಗೆ ಅಂಗಡಿಯಲ್ಲಿರುತ್ತಿದ್ದರು, ಅವರಿಗೆ ಇದು ತಿಳಿಯಲಿಲ್ಲ.

ಮೂರನೆಯ ಸಲದ ಔಷಧದ ದಿನ ಬಂತು. ನಾನು ಹೋಗಲಿಲ್ಲ. ಹೋಗಿ ಏನು ಪ್ರಯೋಜನ? ಅವ್ವ ನನ್ನನ್ನು ಬಿಟ್ಟಿದ್ದಳು, ಅದಕ್ಕಿಂತ ಮೊದಲು ನಾನೇ ಹತ್ತು ಮಂದಿಯ ಮುಂದೆ ಆಕೆಯನ್ನು ಬಿಟ್ಟಿದ್ದೆ. ಇನ್ನು ಆ ಔಷಧಕ್ಕೆ ಮೈ ಕೊಟ್ಟು ಆಕೆಯನ್ನು ಮತ್ತಷ್ಟು ರೇಗಿಸಲೇ? ಅತ್ತೆಯೂ ಈಗ ಹೆದರಿದ್ದರು. "ಸಾಕು ಬಿಡವಾ, ಆ ದವಾಖಾನಿ ಸಹವಾಸ ಬ್ಯಾಡ" ಎಂದರು. ನಮ್ಮ ಮನೆಯವರು ಬೈದರು, ಬೇಡಿಕೊಂಡರು, ಹತ್ತು ವರ್ಷದ ಮಗಳನ್ನು ತಂದು ಎದುರಿಗೆ ನಿಲ್ಲಿಸಿದರು. "ಇಕಿ ಮಾರಿ ನೋಡಿಯರ ನಡಿ. ಡಾಕ್ಟರ್ ಒಂದೂ ತಪ್ಪಿಸಬ್ಯಾಡ ಅಂದಾರ. ನಿನ್ನ ಕಾಲ ಹಿಡೀತೇನಿ" ಎಂದರು. ನಾನು ಗೋಡೆಗೆ ಮುಖ ಮಾಡಿ ಮಲಗಿದೆ. ಒಂದು ವಾರ ಮೀರಿತು, ಹತ್ತು ದಿನ ಮೀರಿತು. ನಾನು ಸಾಯುವುದು ಗಟ್ಟಿ ಎಂದು ಮನಸ್ಸಿನಲ್ಲಿ ಒಪ್ಪಿಕೊಂಡುಬಿಟ್ಟೆ.

ಆ ದಿನಗಳಲ್ಲಿ ದೇವರ ಜಗಲಿಯ ಮುಂದೆ ಕೂತರೂ ನನಗೆ ಬೇಡಿಕೊಳ್ಳಲು ಬಾಯಿ ಬರುತ್ತಿರಲಿಲ್ಲ. ಉಳಿಸು ಎನ್ನಲು ಯಾವ ಮುಖ ಇತ್ತು? ಒಂದೇ ಮಾತು ಮನಸ್ಸಿನೊಳಗೆ ಹೇಳುತ್ತಿದ್ದೆ: "ಅವ್ವಾ, ಸಿಟ್ಟಿದ್ದರ ಸಿಟ್ಟೈತಿ ಅಂತ ಹೇಳು, ಇಲ್ಲಂದ್ರ ಇಲ್ಲ ಅನ್ನು. ಹಿಂಗ ಸುಮ್ನ ಇರಬ್ಯಾಡ." ಇದನ್ನು ನಾನು ಗಂಡನಿಗೆ ಹೇಳಿರಲಿಲ್ಲ, ಅತ್ತೆಗೆ ಹೇಳಿರಲಿಲ್ಲ, ಗಟ್ಟಿಯಾಗಿ ಒಂದು ಸಲವೂ ಅಂದಿರಲಿಲ್ಲ. ಇದನ್ನು ನೀವು ನೆನಪಿಟ್ಟುಕೊಳ್ಳಬೇಕು.

ಐದನೆಯ ಮಂಗಳವಾರ. ಹೊತ್ತು ಇಳಿಯುತ್ತಿತ್ತು. ಪಡಸಾಲೆಯ ತುಂಬ ಹೆಂಗಸರು, ನಾನು ಮಣೆಯ ಮೇಲೆ, ತಲೆಗೆ ಚೌರಿ. ಆರತಿ ಅರ್ಧಕ್ಕೆ ಬಂದಿತ್ತು. ನಮ್ಮ ಮನೆಯವರು ಆ ದಿನ ಅಂಗಡಿಯ ಸಾಮಾನಿಗೆಂದು ಸವದತ್ತಿಗೆ ಹೋಗಿದ್ದರು. ಬಾಗಿಲಲ್ಲಿ ಅವರ ದನಿ ಕೇಳಿತು, "ಬರ್ರಿ ಸಾಹೇಬ್ರ, ಒಳಗ ಬರ್ರಿ." ಹಿಂದೆ ಖಾಕಿ ಅಂಗಿ ಕಂಡಿತು. ಇಮಾಮಸಾಬರು. ಅತ್ತೆಯ ಕೈಯಲ್ಲಿದ್ದ ಕುಂಕುಮದ ಬಟ್ಟಲು ಠಣ್ ಎಂದು ಬಿತ್ತು.

ಅವರು ಹೆಂಗಸರನ್ನು ನೋಡಿದರು, ಮಣೆ ನೋಡಿದರು, ನನ್ನ ಬೆನ್ನ ಮೇಲೆ ಇಳಿಬಿದ್ದದ್ದನ್ನು ನೋಡಿದರು. ಚಪ್ಪಲಿ ಬಿಟ್ಟು ಒಳಗೆ ಬಂದು ಹಸಿರು ಬಟ್ಟೆಯ ಸಣ್ಣ ಗಂಟೊಂದನ್ನು ನನ್ನ ಮುಂದೆ ಇಟ್ಟರು.

"ತಂಗೀ, ಗುಡ್ಡದಿಂದ ಪ್ರಸಾದ ಬಂದೈತಿ ನಿನಗ. ಕೊಟ್ಟು ಹೋಗೂಣಂತ ಬಂದೆ" ಎಂದರು.

"ಏನ್ ಪ್ರಸಾದ್ರಿ ಸಾಹೇಬ್ರ, ಯಾರ ಕಳಿಸ್ಯಾರ?" ಎಂದಳು ಕಸ್ತೂರವ್ವ.

"ಅವ್ವನ ಕಳಿಸ್ಯಾಳ. ಮತ್ತ ಯಾರು?" ಎಂದು ನಕ್ಕರು. ಆಮೇಲೆ ನನ್ನ ಕಡೆ ಬಾಗಿ ದನಿ ತಗ್ಗಿಸಿ ಹೇಳಿದರು: "ಒಂದ ಮಾತ ಹೇಳಿ ಕಳಿಸ್ಯಾರವಾ. 'ಸಿಟ್ಟಿಲ್ಲ ಅಂತ ಹೇಳು' ಅಂದ್ರು."

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಯಾರಿಗೂ ಹೇಳದ ಮಾತಿಗೆ ಉತ್ತರ ಬಂದಿತ್ತು! "ಏನಂದ್ರಿ?" ಎಂದೆ. "ಸಿಟ್ಟಿಲ್ಲ" ಎಂದರು ಮತ್ತೊಮ್ಮೆ, ಏನೂ ದೊಡ್ಡ ಮಾತಲ್ಲ ಎನ್ನುವ ಹಾಗೆ.

ನಾನು ಎದ್ದು ನಿಂತೆ. ಅತ್ತೆ "ನೀಲವ್ವಾ!" ಎಂದು ಕೂಗಿದರು. ಸೆರಗು ತೆಗೆದೆ, ಕಿವಿಯ ಹಿಂದಿನ ಗಂಟು ಬಿಚ್ಚಿದೆ, ಚೌರಿ ಮಣೆಯ ಮೇಲೆ ಬಿತ್ತು. ಬೋಳುತಲೆ ಬಿಟ್ಟುಕೊಂಡು ಅಷ್ಟು ಜನರ ಮುಂದೆ ಹೇಳಿದೆ. "ಅವ್ವನ ಜಡಿ ಹೋಗಿ ತಿಂಗಳ ಮ್ಯಾಲಾತು. ಗಾಡಿಯಾಗ ಬಿತ್ತು. ಈ ಅಣ್ಣಾರು ಯಾರದು ಅಂತ ಕೇಳಿದ್ರು, ನಾ ಬಾಯಿ ಬಿಡಲಿಲ್ಲ. ನೀವು ಇಷ್ಟ ದಿನ ಕೈ ಮುಗದದ್ದು ನಮ್ಮ ಅತ್ತಿ ಚೌರಿಗೆ."

ಕಸ್ತೂರವ್ವನ ಮುಖ ಕೆಂಪಾಯಿತು. "ಚೌರಿನ ನನ್ನ ಬಸರಿ ಮಗಳ ಹೊಟ್ಟಿಗೆ ಹಚ್ಚಿಸಿದ್ರೇನು?" ಎಂದು ಅವಳು ಕೂಗುತ್ತಿರುವಾಗಲೇ ಆ ಬಸುರಿ ಮಗಳು ಕಿಸಕ್ಕನೆ ನಕ್ಕಳು. ತಡೆಯಲು ನೋಡಿದಳು, ಆಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ಅವಳನ್ನು ನೋಡಿ ಇನ್ನಿಬ್ಬರು ನಕ್ಕರು. ನಾನು ಅಳುತ್ತಿದ್ದವಳು ಅಳುತ್ತಲೇ ನಕ್ಕೆ. ಅತ್ತೆ ಮಾತ್ರ ನಗಲಿಲ್ಲ. "ತಪ್ಪ ನಂದು, ಅಕಿದಲ್ಲ. ನಾನ ಬಾಯಿ ಬಿಡಗೊಡಲಿಲ್ಲ" ಎಂದು ಕಸ್ತೂರವ್ವನ ಕಾಲು ಮುಟ್ಟಲು ಹೋದರು. ಕಸ್ತೂರವ್ವ ಕಾಲು ಹಿಂದೆಗೆದುಕೊಂಡು ಆರತಿ ತಟ್ಟೆ ಎತ್ತಿಕೊಂಡು ಹೋದಳು. ಒಂದು ವರ್ಷ ನಮ್ಮೊಂದಿಗೆ ಮಾತಾಡಲಿಲ್ಲ. ಅವಳದೇನೂ ತಪ್ಪಿಲ್ಲ.

ಎಲ್ಲರೂ ಹೋದ ಮೇಲೆ ಇಮಾಮಸಾಬರು ಚಹ ಕುಡಿಯುತ್ತ ನಡೆದದ್ದನ್ನು ಹೇಳಿದರು. ಹುಣ್ಣಿಮೆಯ ದಿನ ಅವರು ಜಡೆಯನ್ನು ಗುಡ್ಡದ ಪೂಜಾರಿಯೊಬ್ಬರ ಕೈಗೆ ಕೊಟ್ಟಿದ್ದರು. "ಯಾರದು ಅಂತ ಕೇಳಿದ್ರು. ಒಡತಿ ಅಂಜಿ ಬಾಯಿ ಬಿಡಲಿಲ್ರಿ ಅಂದೆ. ಪೂಜಾರ್ರು ಅದನ್ನ ಅವ್ವನ ಪಾದಕ್ಕ ಮುಟ್ಟಿಸಿ, ಈ ಗಂಟು ಕಟ್ಟಿ ಕೊಟ್ರು. ಒಡತಿ ಸಿಕ್ರ ಕೊಡು, ಅವ್ವ ತನ್ನದನ್ನ ತಾನ ಇಸ್ಕೊಂಡಾಳ, ಸಿಟ್ಟಿಲ್ಲ, ಇನ್ನ ಅಕಿ ತನ್ನ ಮೈ ನೋಡ್ಕೊಳ್ಳಲಿ ಅಂತ ಹೇಳು ಅಂದ್ರು." ಅಂದಿನಿಂದ ಆ ಗಂಟನ್ನು ಬಸ್ಸಿನ ಮುಂದಿನ ಗಾಜಿನ ಹತ್ತಿರ ಕಟ್ಟಿಕೊಂಡು ಒಂದು ತಿಂಗಳು ಹುಬ್ಬಳ್ಳಿಗೂ ರಾಮದುರ್ಗಕ್ಕೂ ಓಡಾಡಿದ್ದರು. ನಾನು ಇಪ್ಪತ್ತೊಂದು ದಿನಕ್ಕೆ ಬಸ್ಸು ಹತ್ತಲಿಲ್ಲವಲ್ಲ, ಸಿಗುವುದು ಹೇಗೆ? ಆ ದಿನ ಸವದತ್ತಿಯಿಂದ ಬರುವಾಗ ನಮ್ಮ ಮನೆಯವರು ಮುಂದಿನ ಸೀಟಿನಲ್ಲಿ ಕೂತು, ಆ ಗಂಟು ಏನೆಂದು ಸುಮ್ಮನೆ ಕೇಳಿದ್ದರು. ಜಡೆಯ ಕಥೆ ಕೇಳುತ್ತಲೇ ಅವರಿಗೆ ಎಲ್ಲ ತಿಳಿಯಿತಂತೆ.

"ಅವತ್ತು ನಾ ಅಂತ ನಿಮಗ ಗೊತ್ತಾಗಿತ್ತೇನ್ರಿ ಅಣ್ಣಾ?" ಎಂದೆ.

"ಗೊತ್ತಾಗಿತ್ತವಾ. ಎಲ್ಲಾರೂ ನನ್ನ ಕೈ ನೋಡಾಕತ್ತಿದ್ರು, ನೀ ಒಬ್ಬಾಕಿ ತಲಿಮ್ಯಾಗ ಕೈ ಇಟಗೊಂಡು ನಿಂತಿದ್ದಿ. ಅಷ್ಟ ಮಂದ್ಯಾಗ ನಿನ್ನ ಕಡೆ ಬೊಟ್ಟು ಮಾಡಿ ತೋರಸ್ಲೇನು?" ಎಂದು ಲೋಟ ಕೆಳಗಿಟ್ಟು, ಗಾಡಿ ಬಿಡುವ ಹೊತ್ತಾಯಿತೆಂದು ಎದ್ದರು.

ಗಂಟಿನಲ್ಲಿ ಭಂಡಾರ, ಐದು ಹಸಿರು ಬಳೆ, ಒಂದು ತುಂಡು ಕೊಬ್ಬರಿ ಇದ್ದವು. ಅತ್ತೆ ಭಂಡಾರವನ್ನು ಹಿಡಿ ತುಂಬ ತೆಗೆದು ನನ್ನ ಬರಿ ನೆತ್ತಿಗೆ ಹಚ್ಚಿದರು. "ನಾಳಿ ಮುಂಜಾನೆ ಗಾಡಿಗೆ ಹೋಗೂಣು" ಎಂದರು.

ಡಾಕ್ಟರಮ್ಮ ಚೆನ್ನಾಗಿ ಬೈದರು. ತಲೆ ತಗ್ಗಿಸಿ ಬೈಸಿಕೊಂಡೆ. ರಕ್ತ ಪರೀಕ್ಷೆ ಮಾಡಿ ಮೂರನೆಯ ಸಲದ ಔಷಧ ಏರಿಸಿದರು. ಉಳಿದವನ್ನು ಒಂದು ದಿನವೂ ಹೆಚ್ಚುಕಡಿಮೆ ಮಾಡದೆ ಮುಗಿಸಿದೆ. ಸುಲಭವಿತ್ತು ಎಂದರೆ ಸುಳ್ಳಾಗುತ್ತದೆ. ಬಾಯಿ ಹುಣ್ಣಾಗಿ ಗಂಜಿಯೂ ಇಳಿಯುತ್ತಿರಲಿಲ್ಲ, ಉಗುರು ಕಪ್ಪಾದವು, ಬಚ್ಚಲಿಗೆ ಗೋಡೆ ಹಿಡಿದು ಹೋಗುತ್ತಿದ್ದೆ. ಆದರೆ ಆಮೇಲೆ ತಲೆ ಮುಚ್ಚಿಕೊಳ್ಳಲಿಲ್ಲ. ಬಸ್ಸಿನಲ್ಲಿ ಜನ ನೋಡಿದರೆ ನೋಡಲಿ ಎಂದು ಕೂರುತ್ತಿದ್ದೆ. ಯುಗಾದಿಯ ಹೊತ್ತಿಗೆ ಕುರಿಮರಿಯ ಮೈಯಂತೆ ಸಣ್ಣ ಗುಂಗುರು ಕೂದಲು ಬಂತು. ಬಾಚಿಕೊಂಡೆ. ಗಂಟಾಗಲಿಲ್ಲ. ಆದರೂ ಅವ್ವ ದೂರ ಹೋದಳು ಎಂದು ನನಗೆ ಒಂದು ದಿನವೂ ಅನಿಸಿಲ್ಲ.

ಈಗ ಆರು ವರ್ಷವಾಯಿತು. ಮೊದಲು ಮೂರು ತಿಂಗಳಿಗೊಮ್ಮೆ, ಈಗ ವರ್ಷಕ್ಕೊಮ್ಮೆ ಹುಬ್ಬಳ್ಳಿಗೆ ಹೋಗಿ ತೋರಿಸಿಕೊಂಡು ಬರುತ್ತೇನೆ, ಏನೂ ಇಲ್ಲ ಎನ್ನುತ್ತಾರೆ. ಕೆಲವರು ಕೇಳುತ್ತಾರೆ, ನಿನ್ನನ್ನು ಉಳಿಸಿದ್ದು ಔಷಧವೋ ಅವ್ವನೋ ಎಂದು. ನನ್ನ ರೋಗ ತೆಗೆದದ್ದು ಔಷಧ. ಅದನ್ನು ಬೇಡ ಎಂದು ಗೋಡೆಗೆ ಮುಖ ಮಾಡಿ ಮಲಗಿದ್ದವಳನ್ನು ಎಬ್ಬಿಸಿ ಅಲ್ಲಿಗೆ ಕಳಿಸಿದವಳು ಅವ್ವ. ಜಡೆ ಇರುವ ಅಕ್ಕತಂಗಿಯರಿಗೆ ಇಂಥ ಹೊತ್ತು ಬಂದರೆ ಹೆದರಬೇಡಿ, ಡಾಕ್ಟರು ಹೇಳಿದ ತಾರೀಖು ತಪ್ಪಿಸಬೇಡಿ. ಕೂದಲು ಹೋಯಿತೆಂದು ಮಗಳನ್ನು ಬಿಡುವ ತಾಯಿ ಅವಳಲ್ಲ. ಅವಳಿಗೆ ನನ್ನ ಕೋಟಿ ಶರಣು. ಇಮಾಮಸಾಬ ಅಣ್ಣನಿಗೂ ಶರಣು, ಈಗ ನೌಕರಿ ಮುಗಿಸಿ ಮನೆಯಲ್ಲಿದ್ದಾರೆ, ನಾಗರಪಂಚಮಿಗೆ ನಮ್ಮ ಮನೆಯಿಂದ ಅವರಿಗೆ ಎಳ್ಳಿನ ಉಂಡಿ ಹೋಗುತ್ತದೆ.

ಇಷ್ಟು ಬರೆದದ್ದು ನಿಮ್ಮೆಲ್ಲರಿಗೆ. ಕೊನೆಯ ಮಾತು ಮಾತ್ರ ಆ ದಿನ ಆ ಬಸ್ಸಿನಲ್ಲಿದ್ದವರಿಗೆ. ಹುಣ್ಣಿಮೆಗೆ ಗುಡ್ಡಕ್ಕೆ ಹೊರಟಿದ್ದಿರಿ, ಹೆಸರಿನ ಹೊಲದ ಪಕ್ಕ ರಸ್ತೆಯ ಮೇಲೆ ಕೂತು ಕೈಮುಗಿದಿರಿ, ಅವಳು ಉಳಿಯುವುದಿಲ್ಲ ಎಂದು ಮರುಗಿದಿರಿ. ನಿಮ್ಮಲ್ಲಿ ಯಾರಾದರೂ ಇದನ್ನು ಓದಿದರೆ, ಓದಿಸಿ ಕೇಳಿದರೆ, ತಿಳಿದುಕೊಳ್ಳಿ. ಅವಳು ಉಳಿದಿದ್ದಾಳೆ. ಡ್ರೈವರ್ ಅಣ್ಣ ಬಾಗಿಲಲ್ಲಿ ನಿಂತು ಮೂರು ಸಲ ಕೇಳಿದ್ದರು, ಇದು ಯಾರದು ಎಂದು. ನನ್ನದು.